ಏಲಿಯನ್‌ಗಳಿಗೂ ಏಕಾದಶಿ ಇರುತ್ತದಾ?

ಬೇರೆ ಗ್ರಹದಲ್ಲಿ ಬುದ್ಧಿಯಿರುವ ಜೀವಿಗಳಿದ್ದರೆ, ನಮ್ಮ ಧರ್ಮಗಳಿಂದ ಅವರಿಗೆ ಏನಾದರೂ ಆಗಬೇಕಾ? ಈ ಚರ್ಚೆ ಈಗ ಪೂರ್ತಿ ಗೋಜಲಾಗಿದೆ. ಒಬ್ಬರು ವೇದಾಂತ ತರುತ್ತಾರೆ, ಇನ್ನೊಬ್ಬರು ಟೆಲಿಸ್ಕೋಪ್ ತರುತ್ತಾರೆ, ಮಾತು ಎಲ್ಲಿಗೋ ಹೋಗುತ್ತದೆ.

ಯುರೋಪಿನಲ್ಲಿ ಇದು ಹಳೇ ಜಗಳ. ದೇವರು ಹಲವು ಲೋಕಗಳನ್ನು ಸೃಷ್ಟಿಸಲಾರ ಅಂತ ಕಲಿಸುವುದನ್ನು 1277ರಲ್ಲಿ ಪ್ಯಾರಿಸ್ಸಿನ ಬಿಷಪ್ ನಿಷೇಧಿಸಿದರು, 1600ರಲ್ಲಿ ಇಟಲಿಯ ಚಿಂತಕ ಜಿಯೊರ್ಡಾನೊ ಬ್ರೂನೊ ಅವರನ್ನು ರೋಮಿನಲ್ಲಿ ಸುಟ್ಟಾಗ ಲೆಕ್ಕವಿಲ್ಲದಷ್ಟು ಲೋಕಗಳಿವೆ ಎಂದದ್ದೂ ಆರೋಪಗಳಲ್ಲೊಂದು, 2008ಕ್ಕೆ ಬಂದರೆ ವ್ಯಾಟಿಕನ್ ವೀಕ್ಷಣಾಲಯದ ಮುಖ್ಯಸ್ಥರೇ ಅನ್ಯಗ್ರಹದವರನ್ನೂ ಸಹೋದರ ಅನ್ನಬಹುದು ಎಂದರು. ಕ್ರೈಸ್ತರಿಗಿದ್ದ ದೊಡ್ಡ ತೊಡಕು ಇದು: ಯೇಸು ಇಲ್ಲಿ ಪ್ರಾಣ ಕೊಟ್ಟದ್ದು ಅಲ್ಲಿನವರಿಗೂ ಸೇರುತ್ತದಾ? ನಮ್ಮಲ್ಲಿ ಆ ತೊಡಕಿಲ್ಲ. ಅನಂತಕೋಟಿ ಬ್ರಹ್ಮಾಂಡ ನಾಯಕ ಅಂತ ದಿನಾ ಸ್ತುತಿ ಮಾಡುತ್ತೇವೆ. ಕುರಾನ್ ಕೂಡ ದೇವರನ್ನು ಎಲ್ಲ ಲೋಕಗಳ ಒಡೆಯ ಅನ್ನುತ್ತದೆ. ಆದರೆ ಇಷ್ಟು ಹೇಳಿ ಗೆದ್ದೆವು ಅಂದುಕೊಂಡರೆ ಆಗಲ್ಲ. ಅಲ್ಲಿನವರೂ ನಮ್ಮ ದೇವರ ಮಕ್ಕಳೇ ಅಂತ ನಾವು ಒಪ್ಪಿದರೂ, ನಮ್ಮ ಪೂಜೆ ಅವರಿಗೆ ಅರ್ಥವಾಗಬೇಕಲ್ವಾ?

ಬೆಂಗಳೂರಿನ ಗವಿ ಗಂಗಾಧರೇಶ್ವರನನ್ನೇ ನೋಡಿ. ಸಂಕ್ರಾಂತಿ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಗವಿಯೊಳಗಿನ ಲಿಂಗದ ಮೇಲೆ ಬೀಳುತ್ತದೆ, ಸ್ವಲ್ಪ ಹೊತ್ತು ಅಷ್ಟೇ. ಭೂಮಿ ಸುಮಾರು 23.5 ಡಿಗ್ರಿ ವಾಲಿದೆ, ಹಾಗಾಗಿ ಸೂರ್ಯ ಮುಳುಗುವ ಜಾಗ ವರ್ಷವಿಡೀ ಸರಿಯುತ್ತಿರುತ್ತದೆ. ಆ ವಾಲಿಕೆ ಇಲ್ಲದಿದ್ದರೆ ಉತ್ತರಾಯಣವೂ ಇಲ್ಲ, ದಕ್ಷಿಣಾಯನವೂ ಇಲ್ಲ. ಏಕಾದಶಿ, ರಂಜಾನ್, ಈಸ್ಟರ್ ಮೂರಕ್ಕೂ ಚಂದ್ರ ಬೇಕು. 2016ರಲ್ಲಿ ಪತ್ತೆಯಾದ ಪ್ರಾಕ್ಸಿಮಾ ಬಿ ಅನ್ನುವ ಗ್ರಹ ನಮ್ಮಿಂದ ಬರೀ 4.2 ಜ್ಯೋತಿರ್ವರ್ಷ ದೂರದಲ್ಲಿದೆ. ಅಲ್ಲಿ ವರ್ಷ ಅಂದರೆ ನಮ್ಮ 11 ದಿನ ಚಿಲ್ಲರೆ. ಅದರ ಒಂದೇ ಮುಖ ಸದಾ ನಕ್ಷತ್ರದ ಕಡೆಗಿರುವ ಸಾಧ್ಯತೆ ಜಾಸ್ತಿ. ಹಾಗಿದ್ದರೆ ಅಲ್ಲಿ ಬೆಳಗೂ ಆಗಲ್ಲ, ಸಂಜೆಯೂ ಆಗಲ್ಲ. ಸಂಧ್ಯಾವಂದನೆ ಯಾವಾಗ, ಇಫ್ತಾರ್ ಯಾವಾಗ?

ನನಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು 1977. ಆ ವರ್ಷ ಹೊರಟ ಎರಡು ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ, ಬೇರೆ ಲೋಕದವರಿಗೆ ಸಿಕ್ಕರೆ ಸಿಗಲಿ ಅಂತ, ಒಂದೊಂದು ಚಿನ್ನದ ಲೇಪನದ ಗ್ರಾಮಫೋನ್ ತಟ್ಟೆ ಇಟ್ಟರು. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡವೂ ಇದೆ, ಕನ್ನಡಿಗರ ಪರವಾಗಿಯೇ ಹೇಳಿದ್ದು. ಒಂದು ಧರ್ಮವನ್ನು ತೋರಿಸಿದರೆ ಎಲ್ಲವನ್ನೂ ತೋರಿಸಬೇಕಾಗುತ್ತದೆ ಅಂತ ಅದನ್ನು ಸಿದ್ಧಪಡಿಸಿದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಅವರ ತಂಡ ಧಾರ್ಮಿಕ ಚಿತ್ರಗಳನ್ನು ಬೇಕೆಂದೇ ಬಿಟ್ಟಿತು. ಹಾಡುಗಳನ್ನು ಆರಿಸುವಾಗ ಮಾತ್ರ ಭಕ್ತಿ ಒಳಗೆ ಬಂದೇ ಬಂತು. ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ಆಚರಣೆಯ ಹಾಡು ಸೇರಿತು. ಅಮೆರಿಕದ ಒಬ್ಬ ಕುರುಡು ಗಾಯಕರು 1927ರಲ್ಲಿ ಹಾಡಿದ್ದೂ ಸೇರಿತು. ಅದರ ಮೂಲ, ಯೇಸು ಸಾವಿನ ಹಿಂದಿನ ರಾತ್ರಿ ಪಟ್ಟ ಸಂಕಟದ ಮೇಲಿನ ಕೀರ್ತನೆ. ಆದರೆ ಅವರು ಪದಗಳನ್ನೇ ಹಾಡುವುದಿಲ್ಲ, ಗಿಟಾರಿನ ಜೊತೆ ಸುಮ್ನೆ ನರಳುತ್ತಾ ಗುನುಗುತ್ತಾರೆ.

ಯೇಸು ಯಾರು ಅಂತ ಗೊತ್ತಿಲ್ಲದ ಮನುಷ್ಯರಿಗೂ ಆ ಗುನುಗು ಮುಟ್ಟುತ್ತದೆ. ಬೇರೆ ಜೀವಿಗಳಿಗೆ ಕಿವಿ ಇಲ್ಲದಿರಬಹುದು. ಆದರೆ ಅವರಲ್ಲೂ ಸಾವಿದ್ದು, ಬಿಟ್ಟು ಹೋದವರಿಗಾಗಿ ಸಂಕಟಪಡುವುದೂ ಇದ್ದರೆ, ಅವರೊಂದಿಗೆ ಧರ್ಮದ ಮಾತನ್ನು ಅಲ್ಲಿಂದ ಶುರುಮಾಡಬಹುದು, ಪಂಚಾಂಗದಿಂದಲ್ಲ.