ಮಿದುಳು ಮೊದಲು, ಮನಸ್ಸು ಆಮೇಲೆ

ವಿಜಯಪುರದ ಕಡೆ ಎಪ್ಪತ್ತು ದಾಟಿದವರು ಮನಸ್ಸಿಗೆ ಬೇಸರವೆಂದು ವೈದ್ಯರ ಬಳಿ ಹೋಗುವುದು ಅಪರೂಪ. ನಿದ್ದೆ ಹತ್ತುವುದಿಲ್ಲ, ರೊಟ್ಟಿ ಸೇರುವುದಿಲ್ಲ, ಮೈಯಲ್ಲಿ ಕಸುವಿಲ್ಲ ಎನ್ನುತ್ತಾರೆ. ಮಕ್ಕಳು ಸೊಲ್ಲಾಪುರಕ್ಕೋ ಮಿರಜಕ್ಕೋ ಕರೆದೊಯ್ದು ತಲೆಯ ಎಂಆರ್‌ಐ ಮಾಡಿಸುತ್ತಾರೆ. ವರದಿ ‘ವಯೋಸಹಜ ಬದಲಾವಣೆ’ ಎನ್ನುತ್ತದೆ. ಇದು ಖಿನ್ನತೆಯೂ ಆಗಿರಬಹುದೆಂಬ ಮಾತು ಅಲ್ಲಿಗೇ ನಿಂತುಬಿಡುತ್ತದೆ.

ಆ ಯಂತ್ರ ತೋರಿಸಿದ್ದು ಮಿದುಳಿನ ರಚನೆಯನ್ನು. ಅದು ಕೆಲಸ ಮಾಡುವ ಬಗೆಯನ್ನು ನೋಡಲು ಫಂಕ್ಷನಲ್ ಎಂಆರ್‌ಐ ಬೇಕು. ಚುರುಕಾದ ಭಾಗಕ್ಕೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಆಮ್ಲಜನಕವಿರುವ ಹಿಮೋಗ್ಲೋಬಿನ್ ಮತ್ತು ಇಲ್ಲದ ಹಿಮೋಗ್ಲೋಬಿನ್ ಕಾಂತಕ್ಷೇತ್ರದಲ್ಲಿ ಬೇರೆ ಬೇರೆಯಾಗಿ ವರ್ತಿಸುತ್ತವೆ. ಈ ವ್ಯತ್ಯಾಸ ಎಂಆರ್‌ಐ ಚಿತ್ರದಲ್ಲಿ ಕಾಣುತ್ತದೆಂದು 1990ರಲ್ಲಿ ಜಪಾನಿನ ವಿಜ್ಞಾನಿ ಸೇಜಿ ಒಗಾವಾ ತೋರಿಸಿದ್ದೇ ಇಂಥ ಚಿತ್ರಗಳ ಬುನಾದಿ.

ಖಿನ್ನತೆಯ ಔಷಧ ಯಾರಿಗೆ ಹಿಡಿಸುತ್ತದೆ ಎಂಬ ಸುಳಿವು ಬೇರೊಂದು ಬಗೆಯ ಸ್ಕ್ಯಾನ್‌ನಲ್ಲಿ ಸಿಕ್ಕಿತು. ಹಣೆಯ ಹಿಂದೆ ಆಳದಲ್ಲಿರುವ ಸಿಂಗ್ಯುಲೇಟ್ ಎಂಬ ಮಿದುಳಿನ ಪಟ್ಟಿಯ ಮುಂಭಾಗ ಚಿಕಿತ್ಸೆಗೆ ಮೊದಲೇ ಚುರುಕಾಗಿದ್ದವರು ಗುಣ ಕಂಡರು, ಮಂದವಾಗಿದ್ದವರು ಕಾಣಲಿಲ್ಲ ಎಂದು 1997ರಲ್ಲಿ ನರವೈದ್ಯೆ ಹೆಲೆನ್ ಮೇಬರ್ಗ್ ತಂಡ, ಮಿದುಳಿನ ಯಾವ ಭಾಗ ಎಷ್ಟು ಸಕ್ಕರೆ ಬಳಸುತ್ತದೆಂದು ತೋರಿಸುವ ಪಿಇಟಿ ಸ್ಕ್ಯಾನ್ ಆಧರಿಸಿ ವರದಿ ಮಾಡಿತು. ಮುಂದೆ ಅಮೆರಿಕದ ಪಿಟ್ಸ್‌ಬರ್ಗ್‌ನ ಸಂಶೋಧಕರು ಖಿನ್ನತೆಯಿದ್ದ ಹಿರಿಯರಿಗೆ ವೆನ್ಲಾಫ್ಯಾಕ್ಸಿನ್ ಎಂಬ ಖಿನ್ನತೆಯ ಮಾತ್ರೆ ಕೊಟ್ಟು ಮತ್ತೆ ಮತ್ತೆ ಸ್ಕ್ಯಾನ್ ಮಾಡಿದರು. ಮೊದಲ ಮಾತ್ರೆಯ ಮರುದಿನವೇ ಮಿದುಳಿನ ಚಟುವಟಿಕೆಯಲ್ಲಿ ಬದಲಾವಣೆಯ ಗುರುತು ಕಂಡಿತು. ಮುಖದಲ್ಲಿ ಗೆಲುವು ಮೂಡುವುದು ಮಾತ್ರ ವಾರಗಳ ನಂತರ.

ಹಿರಿಯರಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. ವರ್ಷಗಟ್ಟಲೆಯ ಬಿಪಿ, ಸಕ್ಕರೆ ಕಾಯಿಲೆ ಮಿದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸಿ, ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ನರತಂತುಗಳಿಗೆ ಪೆಟ್ಟು ಕೊಡುತ್ತವೆ. ಆಲಮಟ್ಟಿ ತುಂಬಿದ್ದರೂ ಕಾಲುವೆ ಒಡೆದರೆ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲವಲ್ಲ, ಮಾತ್ರೆಯ ಪಾಡೂ ಹಾಗೆಯೇ. ಎಂಟು, ಕೆಲವೊಮ್ಮೆ ಹನ್ನೆರಡು ವಾರ ಬೇಕಾಗುತ್ತದೆ. ನಮ್ಮಲ್ಲಿ ಎರಡನೆಯ ವಾರಕ್ಕೇ ‘ಗುಣ ಕಾಣಲಿಲ್ಲ’ ಎಂದು ಮಾತ್ರೆ ಬಿಡುವವರು ಹಲವರು.

ಹಾಗೆಂದು ಫಂಕ್ಷನಲ್ ಎಂಆರ್‌ಐ ಎಲ್ಲಿ ಸಿಗುತ್ತದೆಂದು ಹುಡುಕಿ ಹೊರಡಬೇಡಿ. ಗುಂಪಿನ ಸರಾಸರಿಯಲ್ಲಿ ಕಂಡದ್ದನ್ನು ನಿಮ್ಮ ತಂದೆಯವರ ಮಾತ್ರೆ ಆರಿಸಲು ಬಳಸುವ ಹಂತಕ್ಕೆ ಅದು ಬಂದಿಲ್ಲ. ಪಾರ್ಶ್ವವಾಯುವಿನ ಶಂಕೆಯಿದ್ದರೆ ವೈದ್ಯರೇ ಸಾಮಾನ್ಯ ಸ್ಕ್ಯಾನ್ ಬರೆದುಕೊಡುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಅಗ್ಗದ ರಕ್ತಪರೀಕ್ಷೆ. ಈ ಮಾತ್ರೆಗಳಲ್ಲಿ ಹಲವು ಹಿರಿಯರ ರಕ್ತದ ಸೋಡಿಯಂ ಇಳಿಸಬಲ್ಲವು, ಅದೂ ಬಹುಮಟ್ಟಿಗೆ ಮೊದಲ ವಾರಗಳಲ್ಲೇ. ಆಗ ಅಜ್ಜ ತಡವರಿಸಿದರೆ ‘ಮಾತ್ರೆ ತಲೆಗೇರಿತು’ ಎಂದು ನಿಲ್ಲಿಸಿ ಮನೆಯಲ್ಲಿ ಕೂರಿಸದೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ದು ಸೋಡಿಯಂ ನೋಡಿಸಬೇಕು.