‘ನಾಲ್ಕೇ ಯಾಕೆ?’ ಎಂದು ಕೇಳಬಾರದು: ಪ್ರೇರಣಾತ್ಮಕ ಸಂದರ್ಶನದ ಟಿಪ್ಪಣಿ

ವ್ಯಸನಕ್ಕೆ ಸಿಕ್ಕ ಹುಡುಗರೊಂದಿಗೆ ಮಾತನಾಡುವ ಈ ವಿಧಾನವನ್ನು ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ವಿವರಿಸಿದ್ದು ಕುಡಿತದ ತೊಂದರೆ ಇದ್ದವರಿಗಾಗಿ. ಸ್ಟೀಫನ್ ರೋಲ್ನಿಕ್ ಜೊತೆಗೂಡಿ ಬರೆದ ಪುಸ್ತಕ ಬಂದದ್ದು 1991ರಲ್ಲಿ. ತಿರುಳು ಇಷ್ಟು: ಬಿಡಬೇಕೆಂಬ ಮನಸ್ಸು, ಬಿಡಲಾರೆನೆಂಬ ಮನಸ್ಸು ಎರಡೂ ಒಬ್ಬನಲ್ಲೇ ಇರುತ್ತವೆ. ನಾವು ಒಂದರ ಪರ ವಾದಿಸಿದರೆ ಅವನು ಇನ್ನೊಂದರ ವಕಾಲತ್ತು ವಹಿಸುತ್ತಾನೆ. ಇದರ ಮೂಲ ಕೌಶಲಗಳಾದ ಮುಕ್ತ ಪ್ರಶ್ನೆ, ಮೆಚ್ಚುಗೆ, ಪ್ರತಿಫಲನ (ಅವನು ಹೇಳಿದ್ದನ್ನು ಅವನಿಗೇ ಮರಳಿ ಹೇಳುವುದು), ಸಾರಾಂಶ ನಮ್ಮ ತರಗತಿಯ ಎಲ್ಲರ ನೋಟ್ಸಿನಲ್ಲೂ ಇವೆ, ಬಿಟ್ಟಿದ್ದೇನೆ.

ನಾನು ಎಡವಿದ್ದು, ಬಿಡುವುದು ಎಷ್ಟು ಮುಖ್ಯ ಎಂಬುದನ್ನು ಅಂಕಿಯಲ್ಲಿ ಹೇಳಿಸುವ, ಸೊನ್ನೆಯಿಂದ ಹತ್ತರವರೆಗಿನ ಅಳತೆಪಟ್ಟಿಯಲ್ಲಿ. ತರಗತಿಯ ಪಾತ್ರಾಭಿನಯದಲ್ಲಿ ಗೆಳತಿ ಗುಟ್ಕಾ ಹಾಕುವ ಪಿಯುಸಿ ಹುಡುಗನಾಗಿದ್ದಳು. ‘ಬಿಡುವುದು ನಿನಗೆ ಎಷ್ಟು ಮುಖ್ಯ?’ ಎಂದೆ. ‘ನಾಲ್ಕು.’ ‘ನಾಲ್ಕೇ ಯಾಕೆ? ಎಂಟು ಯಾಕಲ್ಲ?’ ಉತ್ತರ ಸರಾಗವಾಗಿ ಬಂತು: ‘ಅದಿಲ್ಲದೆ ರಾತ್ರಿ ಓದಲು ಆಗುವುದಿಲ್ಲ ಮೇಡಂ. ಹಾಸ್ಟೆಲಿನಲ್ಲಿ ಎಲ್ಲರೂ ಹಾಕುತ್ತಾರೆ. ನಾನು ದಿನಕ್ಕೆ ಎರಡೇ ಪ್ಯಾಕೆಟ್.’ ಬಿಡದಿರಲು ಮೂರು ಕಾರಣ. ಮೂರನ್ನೂ ಹೇಳಿಸಿದವಳು ನಾನೇ.

ಎರಡನೇ ಸಲ: ‘ಸೊನ್ನೆ ಎನ್ನದೆ ನಾಲ್ಕು ಎಂದೆಯಲ್ಲ, ಏನಿದೆ ಆ ನಾಲ್ಕರಲ್ಲಿ?’ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಬಾಯಿ ಪೂರ್ತಿ ತೆರೆಯಲು ಬರುತ್ತಿಲ್ಲ. ಅಮ್ಮ ತುತ್ತು ಕೊಡಲು ಬಂದರೆ ಮುಖ ತಿರುಗಿಸುತ್ತೇನೆ.’

ನಾಲ್ಕನ್ನು ಕೆಳಗಿನ ಅಂಕಿಯೊಂದಿಗೆ ಹೋಲಿಸಿದರೆ ಅದಕ್ಕೇ ತೃಪ್ತಿಪಟ್ಟಂತೆ ಆಗುವುದಿಲ್ಲವೇ ಎಂಬ ಗೊಂದಲ ನನಗೆ ಎರಡು ದಿನ ಇತ್ತು. ಹೀಗೆ ನೋಡಿ: ಎಂಟಕ್ಕೆ ಹೋಲಿಸಿದಾಗ ನಾವು ಕೇಳುವುದು ಇಲ್ಲದ ನಾಲ್ಕರ ಬಗ್ಗೆ, ಇಲ್ಲದ್ದಕ್ಕೆ ನೆಪವೇ ಉತ್ತರ. ಸೊನ್ನೆಗೆ ಹೋಲಿಸಿದಾಗ ಕೇಳುವುದು ಇರುವ ನಾಲ್ಕರ ಬಗ್ಗೆ. ಅದರ ಉತ್ತರವೇ ಬಿಡಲು ಅವನದೇ ಕಾರಣ. ನಮ್ಮ ಭಾಷೆಯಲ್ಲಿ ಇನ್ನೊಂದು ತೊಡಕಿದೆ. ‘ಯಾಕೆ ತಡ’, ‘ಯಾಕೆ ಅಂಕ ಕಡಿಮೆ’ ಎಂದು ಮನೆಯಲ್ಲಿ ಕೇಳಿ ಬೆಳೆದ ಹುಡುಗನಿಗೆ ‘ಯಾಕೆ’ ಎಂದರೆ ಬೈಗುಳ. ‘ನಾಲ್ಕೇ’ ಎಂಬ ಏಕಾರವಂತೂ ಅವನ ನಾಲ್ಕನ್ನು ಸಣ್ಣದು ಮಾಡುತ್ತದೆ. ಎರಡನ್ನೂ ಬಿಟ್ಟು ‘ಏನಿದೆ’ ಎಂದು ಕೇಳಿ. ಸೊನ್ನೆ ಎಂದೇ ಹೇಳಿದರೆ: ‘ಏನಾದರೆ ಅದು ಎರಡಾಗಬಹುದು?’

‘ಬಿಡಬಲ್ಲೆ’ ಎಂಬ ಭರವಸೆಗೂ ಇಂಥದೇ ಪಟ್ಟಿ ಇದೆ. ಮುಖ್ಯ ಎಂಟು, ಭರವಸೆ ಮೂರು ಎನ್ನುವವನಿಗೆ ಕಾರಣ ಹೇಳಿಸುವುದು ಬೇಡ, ದಾರಿ ಬೇಕು.

ನಿಜವಾಗಿ ಯಾರಾದರೂ ಬಾಯಿ ತೆರೆಯಲು ಬರುತ್ತಿಲ್ಲ ಎಂದರೆ ದಂತವೈದ್ಯರಲ್ಲಿಗೆ ಕಳುಹಿಸಿ; ಅದು ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿಯ ಲಕ್ಷಣವಿರಬಹುದು. ದಿನವೂ ವಿಪರೀತ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಅಲ್ಲಿಯೂ ವೈದ್ಯರೇ ಮೊದಲು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446.