ಬೊಂಡದ ನೀರು, ನಕ್ಷತ್ರದ ಅತಿದ್ರವ

ಹಸಿ ಮೊಟ್ಟೆಯನ್ನು ನೆಲದ ಮೇಲೆ ತಿರುಗಿಸಿ, ಬೆರಳಿನಿಂದ ಒಂದು ಕ್ಷಣ ತಡೆದು ಬಿಟ್ಟರೆ ಅದು ತಾನಾಗಿಯೇ ಮತ್ತೆ ತಿರುಗತೊಡಗುತ್ತದೆ; ಚಿಪ್ಪು ನಿಂತರೂ ಒಳಗಿನ ದ್ರವ ನಿಂತಿರುವುದಿಲ್ಲ. ಉಡುಪಿಯ ರಸ್ತೆ ಬದಿಯಲ್ಲಿ ಕುಡಿಯುವ ಬೊಂಡದಲ್ಲಿ ಈ ಆಟ ಅಷ್ಟು ಸೊಗಸಾಗಿ ನಡೆಯದು, ಏಕೆಂದರೆ ನೀರಿಗಿಂತ ಸಿಪ್ಪೆಯ ಭಾರವೇ ಹೆಚ್ಚು. ದೊಡ್ಡ ನಕ್ಷತ್ರ ಸಿಡಿದು ಸತ್ತ ಮೇಲೆ ಉಳಿಯುವ, ಬಹುಪಾಲು ನ್ಯೂಟ್ರಾನ್‌ಗಳಿಂದಲೇ ಆದ ನ್ಯೂಟ್ರಾನ್ ನಕ್ಷತ್ರ ಈ ವಿಷಯದಲ್ಲಿ ಬೊಂಡದ ಜಾತಿಗೆ ಸೇರಿದ್ದು.

ಸೂರ್ಯನ ಸುಮಾರು 1.4 ಪಟ್ಟು ದ್ರವ್ಯರಾಶಿಯನ್ನು ಅಡಗಿಸಿಕೊಂಡೂ ಇಂಥ ನಕ್ಷತ್ರದ ತ್ರಿಜ್ಯ ಹೆಚ್ಚುಕಡಿಮೆ 12 ಕಿ.ಮೀ., ಅಂದರೆ ಉಡುಪಿಯಿಂದ ಕಾಪುವಿನವರೆಗಿನ ದಾರಿಯಷ್ಟು. ತಿರುಗುತ್ತಾ ಮಿಡಿತದಂತೆ ರೇಡಿಯೋ ಸಂಕೇತ ಕಳುಹಿಸುವ ನ್ಯೂಟ್ರಾನ್ ನಕ್ಷತ್ರವೇ ಪಲ್ಸಾರ್. ಸೆಕೆಂಡಿಗೆ 11 ಸುತ್ತು ತಿರುಗುವ ವೇಲಾ ಪಲ್ಸಾರ್ ದಿನೇದಿನೇ ನಿಧಾನವಾಗುತ್ತಿರಬೇಕಾದದ್ದು, 1969ರಲ್ಲಿ ಇದ್ದಕ್ಕಿದ್ದಂತೆ ಹತ್ತು ಲಕ್ಷದಲ್ಲಿ ಎರಡು ಪಾಲಿನಷ್ಟು ವೇಗ ಹೆಚ್ಚಿಸಿಕೊಂಡಿತು. ಇದನ್ನು ಗುರುತಿಸಿದವರಲ್ಲಿ ಸಿ.ವಿ. ರಾಮನ್ ಅವರ ಮಗ, ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯನ್ನು ಮುನ್ನಡೆಸಿದ ವಿ. ರಾಧಾಕೃಷ್ಣನ್ ಒಬ್ಬರು. ಜಿಗಿತಕ್ಕಿಂತಲೂ ಅದರ ನಂತರ ಹಳೆಯ ಲಯಕ್ಕೆ ಮರಳುವ ಚೇತರಿಕೆಯೇ ನನಗೆ ಹೆಚ್ಚು ಕುತೂಹಲದ್ದಾಗಿ ತೋರುತ್ತದೆ. ಒಳಗಿರುವುದು ಸಾಮಾನ್ಯ ದ್ರವವಾಗಿದ್ದರೆ ಎಲ್ಲವೂ ಬೇಗನೆ ಒಂದೇ ವೇಗಕ್ಕೆ ಬರಬೇಕಿತ್ತು. ಆದರೆ ಅದಕ್ಕೆ ವಾರಗಳು, ತಿಂಗಳುಗಳೇ ಹಿಡಿದವು. ಒಳಗೆ ಘರ್ಷಣೆಯಿಲ್ಲದ ಅತಿದ್ರವ ಇರಬಹುದೆಂದು ಸೋವಿಯತ್ ಭೌತವಿಜ್ಞಾನಿ ಮಿಗ್ದಾಲ್ 1959ರಲ್ಲೇ ಊಹಿಸಿದ್ದರು.

ಹತ್ತು ಕೋಟಿ ಡಿಗ್ರಿ ತಾಪದಲ್ಲಿ ಅತಿದ್ರವವೇ? ಹೀಲಿಯಂ ಅತಿದ್ರವವಾಗಲು 2.17 ಕೆಲ್ವಿನ್‌ಗಿಂತ ಕೆಳಗಿಳಿಯಬೇಕು. ಆದರೆ ನಕ್ಷತ್ರದ ಗರ್ಭದಲ್ಲಿ ಒತ್ತೊತ್ತಾಗಿ ತುಂಬಿರುವ ನ್ಯೂಟ್ರಾನ್‌ಗಳ ಕ್ವಾಂಟಮ್ ಶಕ್ತಿ ಹತ್ತು ಸಾವಿರ ಕೋಟಿ ಡಿಗ್ರಿಗೂ ಮೀರಿದ ತಾಪಕ್ಕೆ ಸಮ. ಅದರ ಮುಂದೆ ಹತ್ತು ಕೋಟಿ ಎಂದರೆ ಕೊರೆಯುವ ಚಳಿ. ಆ ಚಳಿಯಲ್ಲಿ ನ್ಯೂಟ್ರಾನ್‌ಗಳು ಎರಡೆರಡಾಗಿ ಜೋಡಿಗಟ್ಟುತ್ತವೆ. ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುವ ನಮ್ಮ ಪ್ರಯೋಗಾಲಯದ ಅತಿವಾಹಕಗಳಲ್ಲಿ ಎಲೆಕ್ಟ್ರಾನ್‌ಗಳು ಮಾಡುವ ಕೆಲಸವನ್ನು ಅಲ್ಲಿ ಪ್ರೋಟಾನ್‌ಗಳು ಮಾಡುತ್ತವೆ: ಅವೂ ಜೋಡಿಗಟ್ಟಿ ಅತಿವಾಹಕವಾಗುತ್ತವೆ, ಕಾಂತಕ್ಷೇತ್ರ ಅವುಗಳ ನಡುವೆ ಸಣ್ಣ ಸಣ್ಣ ಕೊಳವೆಗಳಾಗಿ ಹಾದುಹೋಗುತ್ತದೆಂದು ಸಿದ್ಧಾಂತ ಹೇಳುತ್ತದೆ.

ಅತಿದ್ರವ ಇಡಿಯಾಗಿ ತಿರುಗಲಾರದು, ಸುಳಿಗಳ ಮೂಲಕವೇ ತಿರುಗಬೇಕು. ಮಳೆಗಾಲದ ಸ್ವರ್ಣಾ ನದಿಯಲ್ಲಿ ಒಂದು ಸುಳಿ ದೊಡ್ಡದು, ಇನ್ನೊಂದು ಸಣ್ಣದು. ಇಲ್ಲಿ ಮಾತ್ರ ಎಲ್ಲ ಸುಳಿಗಳದ್ದೂ ಒಂದೇ ಅಳತೆ. ವೇಲಾದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 70,000 ಸುಳಿಗಳಿರಬೇಕೆಂಬುದು ಲೆಕ್ಕ. ಅತಿದ್ರವ ನಿಧಾನವಾಗಬೇಕಾದರೆ ಸುಳಿಗಳು ಹೊರಕ್ಕೆ ಸರಿಯಬೇಕು. ಆದರೆ ನಕ್ಷತ್ರದ ಗಟ್ಟಿ ಹೊರಪದರದೊಳಗೆ ಅವು ಪರಮಾಣು ಬೀಜಗಳಿಗೆ ಸಿಕ್ಕಿಕೊಳ್ಳುತ್ತವೆ. ಹೊರಪದರದ ವೇಗ ಇಳಿಯುತ್ತಿದ್ದರೂ ಅತಿದ್ರವ ಹಳೆಯ ವೇಗದಲ್ಲೇ ಉಳಿಯುತ್ತದೆ. ಈ ಅಂತರ ಮಿತಿ ಮೀರಿದಾಗ ಅಸಂಖ್ಯ ಸುಳಿಗಳು ಒಮ್ಮೆಲೇ ಕಳಚಿ, ಹೊರಪದರವನ್ನು ಮುಂದಕ್ಕೆ ತಳ್ಳುತ್ತವೆ. 1975ರಲ್ಲಿ ಆ್ಯಂಡರ್ಸನ್ ಮತ್ತು ಇಟೊ ಮುಂದಿಟ್ಟ ಈ ವಿವರಣೆಯ ಹುರುಳು ಇಂದಿಗೂ ನಿಂತಿದೆ. ವೇಲಾದಲ್ಲಿ ಸುಮಾರು ಮೂರು ವರ್ಷಕ್ಕೊಮ್ಮೆ ಮರುಕಳಿಸುವ ಜಿಗಿತಗಳನ್ನು ಕೂಡಿಸಿ ನೋಡಿದರೆ, ನಕ್ಷತ್ರದ ಜಡತ್ವದಲ್ಲಿ ಕನಿಷ್ಠ ನೂರಕ್ಕೆ ಒಂದೂವರೆ ಪಾಲಿನಷ್ಟಾದರೂ ಈ ಅತಿದ್ರವದ್ದಿರಬೇಕೆಂದು ತಿಳಿಯುತ್ತದೆ.

2016ರ ಡಿಸೆಂಬರ್ 12ರಂದು ಟಾಸ್ಮೇನಿಯಾದ ದೂರದರ್ಶಕವೊಂದು ವೇಲಾದ ಮಿಡಿತಗಳನ್ನು ಒಂದೊಂದಾಗಿ ದಾಖಲಿಸುತ್ತಿರುವಾಗಲೇ ಇಂಥ ಜಿಗಿತ ನಡೆಯಿತು. ಆ ಹೊತ್ತಿನ ಸಾಲಿನಲ್ಲಿ ಒಂದು ಮಿಡಿತ ಬರಲೇ ಇಲ್ಲ.